ಪೂಲ್ ಮೇಲೆ ಪೂಲ್: ಮೇಷ್ಟ್ರ ಹಾಡುಗಳು ವಾಪಸ್ ಬಂದ ಬಗೆ

ಇದು 2024ರ ಬೇಸಿಗೆಯಲ್ಲಿ ನನ್ನ ಕೈಗೆ ಬಂದ ಪ್ರಕರಣ. ದಾವಣಗೆರೆಯಲ್ಲಿ ನಂದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಡೇಟಾ ರಿಕವರಿ ಕೆಲಸವನ್ನೂ ಮಾಡುತ್ತೇನೆ. ಕೆಟ್ಟ ಡಿಸ್ಕ್ ಬರುವುದು ದಿನವೂ ಇದ್ದದ್ದೇ. ಆದರೆ ಡಿಸ್ಕ್‌ಗಳೆಲ್ಲ ತಿರುಗುತ್ತಾ ಇದ್ದು, ಒಂದೇ ಒಂದು ಕಮಾಂಡ್‌ನಿಂದ ಇಡೀ ಸಂಗ್ರಹ ಮಾಯವಾಗಿದ್ದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಹಟ್ಟಿಗಳ ಹೆಸರು, ಗುರುತು ಸಿಗುವಂಥ ವಿವರ ಬಿಟ್ಟಿದ್ದೇನೆ.

ಮೇಷ್ಟ್ರ ಸಂಗ್ರಹ

ಚಿತ್ರದುರ್ಗದಲ್ಲಿ ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರಿದ್ದಾರೆ. 1998ರಿಂದ ಅವರು ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಕಡೆಯ ಹಟ್ಟಿಗಳಿಗೆ ಹೋಗಿ ಹಾಡು ರೆಕಾರ್ಡ್ ಮಾಡುತ್ತಾ ಬಂದವರು. ಸೋಬಾನೆ ಪದ, ಬೀಸುವ ಪದ, ದೇವರ ಎತ್ತು ಕಾಯುವ ಕಿಲಾರಿಗಳ ಪದ, ಗೊಲ್ಲರ ಹಟ್ಟಿಯ ಅಜ್ಜಿಯರು ರಾತ್ರಿಯಿಡೀ ಹೇಳುವ ಕಥನ. ಮೊದಮೊದಲು ಕ್ಯಾಸೆಟ್ ಟೇಪ್ ರೆಕಾರ್ಡರ್, ಆಮೇಲೆ ಡಿಜಿಟಲ್ ರೆಕಾರ್ಡರ್, ಈಚೆಗೆ ವಿಡಿಯೊ. ಕ್ಯಾಸೆಟ್‌ಗಳನ್ನೆಲ್ಲ ಒಂದೊಂದಾಗಿ ತಾವೇ ಕಂಪ್ಯೂಟರಿಗೆ ಇಳಿಸಿಕೊಂಡಿದ್ದರು. ಆ ಕ್ಯಾಸೆಟ್‌ಗಳು ಟ್ರಂಕಿನಲ್ಲಿದ್ದವು. ಅರ್ಧಕ್ಕಿಂತ ಜಾಸ್ತಿ ಟೇಪಿಗೆ ಬೂಸ್ಟು ಹಿಡಿದಿತ್ತು. ಹಾಡಿದವರಲ್ಲಿ ಬಹಳ ಜನ ಈಗಿಲ್ಲ. ಹೋದರೆ ಮತ್ತೆ ಹೋಗಿ ರೆಕಾರ್ಡ್ ಮಾಡಿಕೊಂಡು ಬರೋಣ ಅನ್ನುವ ಹಾಗೇ ಇರಲಿಲ್ಲ.

2021ರಲ್ಲಿ ಪರಿಚಯದವರೊಬ್ಬರು ಅವರಿಗೆ ಒಂದು ಪುಟ್ಟ ಸ್ಟೋರೇಜ್ ಮೆಷಿನ್ ಜೋಡಿಸಿಕೊಟ್ಟಿದ್ದರು. 4 ಟಿಬಿಯ ಮೂರು ಹಾರ್ಡ್ ಡಿಸ್ಕ್, ಅವನ್ನು ನಡೆಸಲು ಟ್ರೂನಾಸ್ ಕೋರ್ ಎನ್ನುವ ಆಪರೇಟಿಂಗ್ ಸಿಸ್ಟಮ್. ಫೈಲ್‌ಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ಜೆಡ್‌ಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿ ಮೂರನ್ನೂ ಸೇರಿಸಿ ಒಂದೇ ಪೂಲ್ (ಒಂದೇ ಡಿಸ್ಕಿನಂತೆ ಕಾಣುವ ಒಟ್ಟು ಜಾಗ), ರೇಡ್-ಜೆಡ್1 ಮಾದರಿ. ಅಂದರೆ ಮೂರರಲ್ಲಿ ಯಾವುದಾದರೂ ಒಂದು ಡಿಸ್ಕ್ ಸತ್ತರೂ ಉಳಿದೆರಡರಿಂದ ಎಲ್ಲವನ್ನೂ ಓದಬಹುದು. ಮೇಷ್ಟ್ರಿಗೆ ಹೇಳಿದ್ದೂ ಇಷ್ಟೇ: 'ಒಂದು ಹೋದರೂ ಚಿಂತೆ ಇಲ್ಲ ಸಾರ್.' ಆ ಮಾತು ನಂಬಿ ಅವರು ಹಳೆಯ ಎಕ್ಸ್‌ಟರ್ನಲ್ ಡಿಸ್ಕನ್ನು ಖಾಲಿ ಮಾಡಿ ನೆಂಟರ ಮಗುವಿಗೆ ಕೊಟ್ಟುಬಿಟ್ಟಿದ್ದರು. ಅಲ್ಲಿಗೆ ಇದ್ದ ಒಂದೇ ಪ್ರತಿ ಈ ಪೂಲ್ ಆಯಿತು. ಸುಮಾರು 2.9 ಟಿಬಿ.

ಒಂದು ಡಿಸ್ಕ್ ಸತ್ತರೆ ತಡೆದುಕೊಳ್ಳುವುದು ಬೇರೆ, ಇನ್ನೊಂದು ಪ್ರತಿ ಇರುವುದು ಬೇರೆ. ಗಿರಾಕಿಗಳಿಗೆ ನಾವು ಇಂಥ ರೇಡ್ ಜೋಡಣೆ ಮಾರುವಾಗ ಈ ವ್ಯತ್ಯಾಸವನ್ನು ಬಿಡಿಸಿ ಹೇಳುವುದಿಲ್ಲ. ನಾನೂ ಎಷ್ಟೋ ಸಲ ಹೇಳಿಲ್ಲ. ಮೇಷ್ಟ್ರಂಥವರು ಪೂರ್ತಿ ನಂಬುತ್ತಾರೆ. ನಂಬಿದ್ದು ಅವರ ತಪ್ಪಲ್ಲ.

ಆ ಸಂಜೆ ಆಗಿದ್ದು

ಮೆಷಿನ್‌ನ ಆಪರೇಟಿಂಗ್ ಸಿಸ್ಟಮ್ ಒಂದು ಪೆನ್‌ಡ್ರೈವ್‌ನಲ್ಲಿತ್ತು. ಅದು ಕೆಟ್ಟಿತು, ಮೆಷಿನ್ ಬೂಟ್ ಆಗಲಿಲ್ಲ. ಡಿಸ್ಕ್‌ಗಳಿಗೆ ಏನೂ ಆಗಿರಲಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮೇಷ್ಟ್ರ ಅಕ್ಕನ ಮಗ ರಜೆಗೆ ಬಂದಿದ್ದ. ಮಾಮನಿಗೆ ಸಹಾಯ ಮಾಡೋಣ ಎಂದು ಒಂದು ಚಿಕ್ಕ ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ ಚಿಪ್ ಡಿಸ್ಕಿಗೆ) ಡೆಬಿಯನ್ ಲಿನಕ್ಸ್ ಹಾಕಿ, ಅದರಲ್ಲಿ ಜೆಡ್‌ಎಫ್‌ಎಸ್ ನಡೆಸುವ ಓಪನ್ ಜೆಡ್‌ಎಫ್‌ಎಸ್ ಸೇರಿಸಿದ. ಅಲ್ಲಿಯವರೆಗೆ ಮಾಡಿದ್ದೆಲ್ಲ ಸರಿಯೇ.

ಇರುವ ಪೂಲನ್ನು ಹುಡುಕಿ ತೆರೆಯುವ ಕಮಾಂಡ್ 'ಜೆಡ್‌ಪೂಲ್ ಇಂಪೋರ್ಟ್' ಕೊಟ್ಟಾಗ ಹಳೆಯ ಪೂಲ್‌ನ ಹೆಸರು ಕಾಣಿಸಿತು. ಇದನ್ನು ಕೊನೆಗೆ ಬಳಸಿದ್ದು ಬೇರೊಂದು ಸಿಸ್ಟಮ್, ಬೇಕಿದ್ದರೆ 'ಮೈನಸ್ ಎಫ್' (ಬಲವಂತವಾಗಿ ಮಾಡು ಎಂಬ ಗುರುತು) ಹಾಕಿ ತೆಗೆದುಕೊಳ್ಳಿ ಎಂಬ ಸೂಚನೆಯೂ ಬಂತು. ಅವನ ಮುಂದೆ ತೆರೆದಿದ್ದ ಕೈಪಿಡಿ ಹೊಸ ಪೂಲ್ ಕಟ್ಟುವುದರಿಂದ ಶುರುವಾಗುತ್ತಿತ್ತು. ತಲೆಯಲ್ಲಿ 'ಮೈನಸ್ ಎಫ್ ಬೇಕಂತೆ' ಎನ್ನುವುದೊಂದೇ ಉಳಿದಿತ್ತು. ಮೂರು ಡಿಸ್ಕ್‌ಗಳ ಹೆಸರು ಕೊಟ್ಟು 'ಜೆಡ್‌ಪೂಲ್ ಕ್ರಿಯೇಟ್' ಒತ್ತಿದ. ಈ ಡಿಸ್ಕ್ ಈಗಾಗಲೇ ಒಂದು ಪೂಲ್‌ನ ಭಾಗವಾಗಿರಬಹುದು, ಆದರೂ ಮುಂದುವರಿಯಬೇಕಿದ್ದರೆ ಮೈನಸ್ ಎಫ್ ಕೊಡಿ ಎಂದು ಅದು ಎಚ್ಚರಿಸಿತು. ಅವನು ಅದನ್ನು ಮೊದಲು ಕಂಡ ಸೂಚನೆಯೇ ಮತ್ತೆ ಬಂತು ಎಂದುಕೊಂಡ. ಮೈನಸ್ ಎಫ್ ಕೊಟ್ಟ.

ಒಂದೇ ಅಕ್ಷರ. ಇಂಪೋರ್ಟ್ ಜೊತೆ ಕೊಟ್ಟರೆ 'ಇದು ನಂದೇ, ತೆರೆ' ಎಂದರ್ಥ. ಕ್ರಿಯೇಟ್ ಜೊತೆ ಕೊಟ್ಟರೆ 'ಮೊದಲು ಏನಿದ್ದರೂ ಬಿಡು, ಹೊಸದು ಕಟ್ಟು' ಎಂದರ್ಥ.

ಪೂಲ್ ಕಾಣಿಸಿತು, ಹೆಸರೂ ಅದೇ, ಒಳಗೆ ಮಾತ್ರ ಏನೂ ಇಲ್ಲ. ಪೂಲ್ ಕೆಲಸ ಮಾಡುತ್ತಿದೆಯಾ ನೋಡೋಣ ಎಂದು ಫೋನಿನಿಂದ 600 ಎಂಬಿಯಷ್ಟು ಫೋಟೊ ಹಾಕಿ ನೋಡಿದ. ಆಮೇಲೆ ಅನುಮಾನ ಬಂದು ಆ ಪೂಲ್ ಅಳಿಸಿ ಇನ್ನೊಂದು ಸಲ ಕಟ್ಟಿದ. ಆಗ ಹೆದರಿಕೆಯಾಯಿತು. ರಾತ್ರಿ ಎಂಟೂವರೆಗೆ ನನಗೆ ಫೋನ್ ಬಂತು.

ಮೊದಲ ತೀರ್ಮಾನ: ಕರೆಂಟ್ ತೆಗೆಯುವುದು

ಫೋನಿನಲ್ಲಿ ಅವನು ಕೇಳಿದ್ದು, 'ಅಣ್ಣ, ಯಾವ ಸಾಫ್ಟ್‌ವೇರ್ ಹಾಕಲಿ?' ಎಂದು. ಏನನ್ನೂ ಹಾಕಬೇಡ, ಪ್ಲಗ್ ಕಿತ್ತು ಹಾಕು ಎಂದೆ. ಸರಿಯಾಗಿ ಶಟ್‌ಡೌನ್ ಮಾಡಬೇಕಲ್ವಾ ಅಂದ. ಬೇರೆ ಯಾವತ್ತಾದರೂ ಹೌದು. ಆದರೆ ಶಟ್‌ಡೌನ್ ಆಗುವಾಗ ಪೂಲ್ ತನ್ನ ಕೊನೆಯ ಲೆಕ್ಕವನ್ನು ಡಿಸ್ಕಿಗೆ ಬರೆದು ಮುಗಿಸುತ್ತದೆ. ಆ ಬರಹ ಹೊಸ ಪೂಲ್‌ನದು, ನಮಗೆ ಬೇಡದ್ದು. ಅದು ಬೀಳುವ ಜಾಗ ಹಳೆಯ ಹಾಡಿನದಾಗಿರಬಹುದು. ಹೊಸ ಪೂಲ್ ಕೆಟ್ಟರೆ ಕೆಡಲಿ.

ಈ ಹತ್ತು ನಿಮಿಷವೇ ಇಡೀ ಪ್ರಕರಣದಲ್ಲಿ ಹೆಚ್ಚು ಬೆಲೆಯದು ಎಂದು ನನಗೆ ಈಗಲೂ ಅನ್ನಿಸುತ್ತದೆ. ಮೇಲೆ ಹೊಸ ಪೂಲ್ ಕಟ್ಟಿದ ತಕ್ಷಣ ಹಳೆಯದೆಲ್ಲ ಅಳಿಸಿಹೋಗುವುದಿಲ್ಲ. ಖಾಲಿ ಪೂಲ್ ಕಟ್ಟಲು ಬರೆಯುವುದು ಬಹಳ ಕಡಿಮೆ. 4 ಟಿಬಿ ಡಿಸ್ಕಿನಲ್ಲಿ ಕೆಲವು ಎಂಬಿ ಅಷ್ಟೇ. ಉಳಿದದ್ದು ಇದ್ದಲ್ಲೇ ಇರುತ್ತದೆ, ಅದರ ದಾರಿ ತೋರಿಸುವ ಗುರುತು ಮಾತ್ರ ಹೋಗಿರುತ್ತದೆ. ಆಮೇಲೆ ಗಾಬರಿಯಲ್ಲಿ ಒಂದೊಂದಾಗಿ ಮಾಡುವ ಪ್ರಯತ್ನಗಳೇ ನಿಜವಾಗಿ ಅಳಿಸುವುದು. ಎಸ್‌ಎಸ್‌ಡಿ ಆಗಿದ್ದರೆ ಕತೆ ಬೇರೆಯೇ ಇರುತ್ತಿತ್ತು. ಅದಕ್ಕೆ 'ಈ ಜಾಗ ಈಗ ಖಾಲಿ' ಎಂಬ ಸೂಚನೆ ಹೋದರೆ ಡಿಸ್ಕೇ ಒಳಗಿಂದೊಳಗೆ ಹಳೆಯದನ್ನು ಒರೆಸಿಬಿಡುತ್ತದೆ. ಇವು ಹಳೆಯ ಕಾಲದ ತಿರುಗುವ ಡಿಸ್ಕ್‌ಗಳು. ಆ ಮಟ್ಟಿಗೆ ಪುಣ್ಯ.

ಮರುದಿನ ಬೆಳಿಗ್ಗೆ ಮೂರು ಡಿಸ್ಕನ್ನೂ ಬಿಚ್ಚಿ, ಯಾವುದು ಯಾವ ಪೋರ್ಟಿನಲ್ಲಿತ್ತು ಎಂದು ಪೆನ್ನಿನಲ್ಲಿ ಬರೆದು, ಟವೆಲ್‌ನಲ್ಲಿ ಸುತ್ತಿಕೊಂಡು ಮಾವ-ಅಳಿಯ ಇಬ್ಬರೂ ಕಾರಿನಲ್ಲಿ ಬಂದರು. ದುರ್ಗದಿಂದ ಇಲ್ಲಿಗೆ ಅರುವತ್ತು ಕಿಲೋಮೀಟರ್ ಹೈವೇ. ಮೇಷ್ಟ್ರು ದಾರಿಯುದ್ದಕ್ಕೂ ಡಿಸ್ಕ್‌ಗಳನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರಂತೆ.

ನಿಜ ಹೇಳಿಸಿದ್ದು

ಆ ಹುಡುಗ ಮೊದಲು ಹೇಳಿದ್ದು ಅರ್ಧ ಮಾತ್ರ. ಇಂಪೋರ್ಟ್ ಮಾಡಿದೆ, ಏನೋ ಆಗಿಹೋಯಿತು ಎಂದ. ಮಾಮನ ಮುಂದೆ ಬಾಯಿ ಬಿಡಲು ಆಗುತ್ತಿರಲಿಲ್ಲ. ಮೇಷ್ಟ್ರನ್ನು ಮುಂದಿನ ಕೋಣೆಯಲ್ಲಿ ಕೂರಿಸಿ, ಅವನಿಗೆ ಒಂದು ಚಹಾ, ಮಂಡಕ್ಕಿ ಮೆಣಸಿನಕಾಯಿ ತರಿಸಿದೆ. 'ನೀನು ಒತ್ತಿದ್ದರಲ್ಲಿ ಒಂದನ್ನು ಮುಚ್ಚಿಟ್ಟರೂ ನಾನು ತಪ್ಪು ಕಡೆ ಹುಡುಕುತ್ತೇನೆ. ಆಗ ಹಾಡು ಸಿಗಲ್ಲ' ಎಂದೆ. ಬೈಯಲಿಲ್ಲ. ಬೈದಿದ್ದರೆ ಪೂಲ್ ಎರಡು ಸಲ ಕಟ್ಟಿದ್ದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಅವನು ತಂದಿದ್ದ ಚಿಕ್ಕ ಎಸ್‌ಎಸ್‌ಡಿಯಲ್ಲಿ ಟೈಪ್ ಮಾಡಿದ ಕಮಾಂಡ್‌ಗಳ ಇತಿಹಾಸ ಇತ್ತು. ಇಬ್ಬರೂ ಕೂತು ಸಾಲು ಸಾಲಾಗಿ ಓದಿದೆವು. ಏನು, ಯಾವ ಕ್ರಮದಲ್ಲಿ ಎನ್ನುವುದು ಖಚಿತವಾಯಿತು.

ಇಮೇಜ್ ಬೇಕೇ ಬೇಕು

ಇಲ್ಲಿ ಒಂದು ದೊಡ್ಡ ವಾದವೇ ನಡೆಯಿತು. ಡಿಸ್ಕ್‌ಗಳ ಮೇಲೆ ನೇರವಾಗಿ ಏನನ್ನೂ ಪ್ರಯತ್ನಿಸುವುದಿಲ್ಲ, ಮೊದಲು ಮೂರರ ಪೂರ್ತಿ ಇಮೇಜ್ (ಡಿಸ್ಕಿನಲ್ಲಿರುವುದೆಲ್ಲದರ ಯಥಾವತ್ ನಕಲು) ತೆಗೆಯಬೇಕು ಎಂದೆ. ಅಂದರೆ 12 ಟಿಬಿ ಜಾಗ. 16 ಟಿಬಿಯ ಒಂದು ಡಿಸ್ಕ್ ಬೇಕು, ಸಿಕ್ಕಿದ್ದನ್ನು ಹಾಕಲು ಇನ್ನೊಂದು 4 ಟಿಬಿ ಬೇಕು. ಹುಡುಗ ಓದಿಕೊಂಡಿದ್ದ. ಡಿಸ್ಕ್ ಮೇಲೆ ಬರೆಯದೆ ಬರಹವನ್ನೆಲ್ಲ ಬೇರೊಂದು ಫೈಲಿಗೆ ತಿರುಗಿಸುವ ಉಪಾಯ ಇದೆಯಲ್ಲ ಅಣ್ಣ, ಅಷ್ಟು ದುಡ್ಡು ಯಾಕೆ ಅಂದ. ಉಪಾಯ ಇದೆ, ಒಳ್ಳೆಯದೇ. ಆದರೆ ಅದು ಕಾಪಾಡುವುದು ನಮ್ಮ ಕೈಯಿಂದ ಮಾತ್ರ. ಡಿಸ್ಕೇ ಸತ್ತರೆ ಅದು ಏನು ಮಾಡುತ್ತದೆ?

ಡಿಸ್ಕ್‌ಗಳ ಆರೋಗ್ಯದ ವರದಿ ತೆಗೆದು ತೋರಿಸಿದೆ. ಎರಡು ಚೆನ್ನಾಗಿದ್ದವು. ಮೂರನೆಯದರಲ್ಲಿ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು (ಡಿಸ್ಕಿನ ಪುಟ್ಟ ಪುಟ್ಟ ಖಾನೆಗಳು) ಇದ್ದವು. ಪೂಲ್ ಚೆನ್ನಾಗಿದ್ದಾಗ ಅದು ಯಾರಿಗೂ ಗೊತ್ತಾಗಿರಲಿಲ್ಲ. ರೇಡ್-ಜೆಡ್ ತನ್ನಷ್ಟಕ್ಕೆ ತಾನು ಸರಿಪಡಿಸಿಕೊಂಡು ಓದುತ್ತಿತ್ತು. ಅದನ್ನು ಕಂಡ ಮೇಲೆ ವಾದ ನಿಂತಿತು. ಡಿಸ್ಕ್‌ಗಳ ದುಡ್ಡು ಹುಡುಗನೇ ಕೊಟ್ಟ.

ಚೆನ್ನಾಗಿರುವ 4 ಟಿಬಿ ಡಿಸ್ಕನ್ನು ಸೆಕೆಂಡಿಗೆ 150 ಎಂಬಿ ಸರಾಸರಿಯಲ್ಲಿ ಓದಿದರೂ ಏಳೂವರೆ ಗಂಟೆ ಬೇಕು. ಮೊದಲ ಎರಡು ಒಂದು ದಿನದಲ್ಲಿ ಮುಗಿದವು. ಮೂರನೆಯದು ಮೂರು ದಿನ ತೆಗೆದುಕೊಂಡಿತು. ಡಿಡಿ-ರೆಸ್ಕ್ಯೂ ಎನ್ನುವ ಸಾಧನ ಬಳಸಿದೆ. ಅದು ಮೊದಲು ಸುಲಭವಾಗಿ ಬರುವುದನ್ನೆಲ್ಲ ಓದಿಕೊಳ್ಳುತ್ತದೆ, ತೊಂದರೆ ಕೊಡುವ ಜಾಗವನ್ನು ಒಂದು ನಕ್ಷೆಯಲ್ಲಿ ಬರೆದಿಟ್ಟು ಕೊನೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಡುವೆ ನಿಂತರೂ ಆ ನಕ್ಷೆ ನೋಡಿ ನಿಂತಲ್ಲಿಂದಲೇ ಮುಂದುವರಿಯುತ್ತದೆ. ನಮ್ಮ ಕರೆಂಟಿನ ಊರಿಗೆ ಇದು ಬಹಳ ದೊಡ್ಡ ವಿಷಯ. ಏಪ್ರಿಲ್ ಸೆಖೆಗೆ ಡಿಸ್ಕ್ ಕಾಯುತ್ತಿತ್ತು. ಟೇಬಲ್ ಫ್ಯಾನ್ ಅದರ ಕಡೆ ತಿರುಗಿಸಿ, ಯುಪಿಎಸ್‌ಗೆ ಬೇರೆ ಏನನ್ನೂ ಸಿಕ್ಕಿಸದೆ ಕಾದೆವು. ಕೊನೆಗೆ ಓದಲಾಗದೆ ಉಳಿದದ್ದು 200 ಕೆಬಿಗಿಂತ ಕಡಿಮೆ.

ದಾರಿ ತಪ್ಪಿದ್ದು

ಮೂರನೆಯ ಇಮೇಜ್ ಬರುವವರೆಗೆ ಸುಮ್ನೆ ಕೂರಲಾಗಲಿಲ್ಲ. ಸಿದ್ಧವಾಗಿದ್ದ ಇಮೇಜ್ ಮೇಲೆ ಫೈಲ್ ಹುಡುಕುವ ಸಾಫ್ಟ್‌ವೇರ್ ಓಡಿಸಿದೆ. ಕ್ಯಾಮೆರಾ ಕಾರ್ಡ್, ಪೆನ್‌ಡ್ರೈವ್ ಬಂದಾಗ ನಾವೆಲ್ಲ ಮಾಡುವುದು ಅದನ್ನೇ ಅಲ್ವಾ. ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಜಾಲಾಡಿ, 'ಇಲ್ಲಿ ಒಂದು ಫೋಟೊ ಶುರುವಾಗುತ್ತದೆ, ಇಲ್ಲೊಂದು ಆಡಿಯೊ' ಎಂದು ಎತ್ತಿಕೊಡುವ ಬಗೆಯದು. ಒಂದೂವರೆ ದಿನ ಓಡಿತು. ಸಿಕ್ಕಿದ್ದು ಹೆಬ್ಬೆರಳಿನಷ್ಟಿರುವ ಫೋಟೊಗಳು ಮತ್ತು ಶುರುವಾದ ಕೂಡಲೇ ಕರ್ಕಶ ಸದ್ದಾಗಿಬಿಡುವ ಆಡಿಯೊ ತುಣುಕುಗಳು.

ಮೇಷ್ಟ್ರು ಅಂಥ ಒಂದು ತುಣುಕು ಕೇಳಿ ಮುಖ ಬಾಡಿಸಿಕೊಂಡು ಕೂತರು. ಅದನ್ನು ಅವರಿಗೆ ಕೇಳಿಸಬಾರದಿತ್ತು. ಅದು ಹಾಡು ಹಾಳಾದ ಸದ್ದಾಗಿರಲಿಲ್ಲ, ಒಂದು ಹಾಡಿನ ನಡುವೆ ಬೇರೆ ಫೈಲಿನ ಚೂರು ಸೇರಿದ ಸದ್ದು. ಜೆಡ್‌ಎಫ್‌ಎಸ್ ಒಂದು ಫೈಲನ್ನು ಸಾಮಾನ್ಯವಾಗಿ 128 ಕೆಬಿಯ ತುಂಡುಗಳಾಗಿ ಮಾಡುತ್ತದೆ. ಮೂರು ಡಿಸ್ಕಿನ ರೇಡ್-ಜೆಡ್1 ಆದರೆ ಆ ತುಂಡೂ ಎರಡಾಗುತ್ತದೆ: 64 ಕೆಬಿ ಒಂದು ಡಿಸ್ಕಿಗೆ, 64 ಕೆಬಿ ಇನ್ನೊಂದಕ್ಕೆ, ಎರಡರ ಲೆಕ್ಕದಿಂದ ಬಂದ ಪ್ಯಾರಿಟಿ (ಒಂದು ಹೋದರೆ ಮತ್ತೆ ಕಟ್ಟಿಕೊಳ್ಳಲು ಬೇಕಾದ ಲೆಕ್ಕ) ಮೂರನೆಯದಕ್ಕೆ. ಕಂಪ್ರೆಶನ್ ಆನ್ ಇದ್ದರೆ ತುಂಡುಗಳ ಅಳತೆಯೂ ಒಂದೇ ಸಮ ಇರುವುದಿಲ್ಲ. ಹಾಗಾಗಿ ಒಂದು ಡಿಸ್ಕನ್ನು ನೇರವಾಗಿ ಜಾಲಾಡಿದರೆ ಉದ್ದಕ್ಕೆ ಒಂದು ಹಾಡು ಸಿಗಲು ಸಾಧ್ಯವೇ ಇಲ್ಲ. ಯಾವ ತುಂಡಿನ ಮುಂದೆ ಯಾವುದು ಎನ್ನುವುದು ಗೊತ್ತಿರುವುದು ಪೂಲ್‌ಗೆ ಮಾತ್ರ. ಹಾಗಾದರೆ ಫೈಲ್ ಹುಡುಕಿ ಪ್ರಯೋಜನವಿಲ್ಲ, ಹಳೆಯ ಪೂಲನ್ನೇ ಎಬ್ಬಿಸಬೇಕು.

ಹಳೆಯದು ಎಲ್ಲಿ ಕೂತಿತ್ತು, ಹೊಸದು ಎಲ್ಲಿ ಕೂತಿದೆ

ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಿಕೊಳ್ಳಬೇಕಿತ್ತು. ಪ್ರಕರಣ ತಿರುಗಿದ್ದು ಇಲ್ಲೇ.

ಜೆಡ್‌ಎಫ್‌ಎಸ್ ಪ್ರತಿ ಡಿಸ್ಕಿನಲ್ಲೂ, ನಿಜವಾಗಿ ತನಗೆ ಕೊಟ್ಟ ಪಾರ್ಟಿಷನ್‌ನಲ್ಲಿ (ಡಿಸ್ಕಿನ ಒಂದು ಪಾಲಿನಲ್ಲಿ), ತನ್ನ ಗುರುತಿನ ಲೇಬಲ್ ಅನ್ನು ನಾಲ್ಕು ಕಡೆ ಇಡುತ್ತದೆ. ಎರಡು ಮೊದಲಲ್ಲಿ, ಎರಡು ಕೊನೆಯಲ್ಲಿ. ಒಂದೊಂದೂ 256 ಕೆಬಿ. ಅದರ ಅರ್ಧ ಭಾಗ, 128 ಕೆಬಿ, ಊಬರ್‌ಬ್ಲಾಕ್ ಎನ್ನುವ ದಾಖಲೆಗಳ ಸಾಲು. ಪೂಲ್‌ನ ಲೆಕ್ಕವೆಲ್ಲ ಮರದ ಹಾಗೆ ಕವಲೊಡೆದಿರುತ್ತದೆ, ಆ ಮರದ ಬೇರು ಎಲ್ಲಿದೆ ಎಂದು ಹೇಳುವುದು ಇದೇ. ಬರಹ ನಡೆಯುತ್ತಿದ್ದರೆ ಹೆಚ್ಚುಕಮ್ಮಿ ಐದೈದು ಸೆಕೆಂಡಿಗೆ ಒಂದು ಹೊಸ ಊಬರ್‌ಬ್ಲಾಕ್ ಬೀಳುತ್ತದೆ, ಪ್ರತಿಯೊಂದಕ್ಕೂ ಏರುತ್ತಾ ಹೋಗುವ ಒಂದು ಸಂಖ್ಯೆ ಇರುತ್ತದೆ. ಹೊಸ ಪೂಲ್ ಸರಿಯಾಗಿ ಅದೇ ಜಾಗದಲ್ಲಿ ಕಟ್ಟಿದರೆ ಈ ನಾಲ್ಕೂ ಲೇಬಲ್‌ಗಳು ಹೊಸದಾಗಿ ಬರೆಯಲ್ಪಡುತ್ತವೆ, ಹಳೆಯ ಸಾಲು ಒರೆಸಿಹೋಗುತ್ತದೆ. ಆಗ ಕೆಲಸ ಬಹಳ ಕಷ್ಟ.

ಆದರೆ ಇಲ್ಲಿ ಅದೇ ಜಾಗವಾ? ಹಳೆಯ ಮೆಷಿನ್ ಟ್ರೂನಾಸ್ ಕೋರ್. ಹೊಸದು ಲಿನಕ್ಸ್. ಪೇಟೆಯಲ್ಲಿ ಒಂದು ಆಫೀಸಿನಲ್ಲಿ ಅದೇ ಹಳೆಯ ಸಿಸ್ಟಮ್ ಓಡುತ್ತಿರುವುದು ಗೊತ್ತಿತ್ತು, ಅಲ್ಲಿಯೂ 4 ಟಿಬಿ ಡಿಸ್ಕ್‌ಗಳೇ. ಅವರನ್ನು ಕೇಳಿ ಪಾರ್ಟಿಷನ್ ಪಟ್ಟಿ ಬರೆದುಕೊಂಡು ಬಂದೆ. ಟ್ರೂನಾಸ್ ಕೋರ್ ತನ್ನ ಮಾಮೂಲಿ ಪದ್ಧತಿಯಂತೆ ಪ್ರತಿ ಡಿಸ್ಕಿನ ಮೊದಲಲ್ಲಿ 2 ಜಿಬಿ ಸ್ವಾಪ್ ಪಾರ್ಟಿಷನ್ (ಮೆಮೊರಿ ಸಾಲದಾಗ ಸಿಸ್ಟಮ್ ಬಳಸುವ ಜಾಗ) ಬಿಟ್ಟು, ಆಮೇಲೆ ಪೂಲ್‌ಗೆ ಜಾಗ ಕೊಟ್ಟಿತ್ತು. ಪೂಲ್‌ನ ಪಾರ್ಟಿಷನ್ ಶುರುವಾಗುವುದು 4194432ನೇ ಸೆಕ್ಟರಿನಿಂದ. ಲಿನಕ್ಸ್‌ನಲ್ಲಿ ಪೂರ್ತಿ ಡಿಸ್ಕ್ ಕೊಟ್ಟಾಗ ಓಪನ್ ಜೆಡ್‌ಎಫ್‌ಎಸ್ ಶುರು ಮಾಡುವುದು 2048ನೇ ಸೆಕ್ಟರಿನಿಂದ, ಅಂದರೆ 1 ಎಂಬಿ ಬಿಟ್ಟು. ಕೊನೆಯಲ್ಲಿ 8 ಎಂಬಿಯ ಇನ್ನೊಂದು ಚಿಕ್ಕ ಪಾರ್ಟಿಷನ್ ಇಡುತ್ತದೆ.

ಪೇಪರಿನ ಮೇಲೆ ಗೆರೆ ಎಳೆದು ನೋಡಿದೆ. ಹೊಸ ಪೂಲ್‌ನ ಮೊದಲ ಎರಡು ಲೇಬಲ್ ಬಿದ್ದದ್ದು ಹಳೆಯ ಸ್ವಾಪ್ ಮೇಲೆ. ಅಲ್ಲಿ ಮೇಷ್ಟ್ರದ್ದು ಏನೂ ಇರಲಿಲ್ಲ. ಅದರ ಕೊನೆಯ ಎರಡು ಲೇಬಲ್ ಬಿದ್ದದ್ದು ಹಳೆಯ ಪೂಲ್‌ನ ತುತ್ತತುದಿಯ ಹತ್ತಿರ. ಪೂಲ್ ಅರ್ಧವೂ ತುಂಬಿರಲಿಲ್ಲ, ಆ ತುದಿ ಖಾಲಿ ಇರುವ ಸಾಧ್ಯತೆಯೇ ಹೆಚ್ಚು. ಹಳೆಯ ಪೂಲ್‌ನ ಕೊನೆಯ ಲೇಬಲ್‌ಗಳು ಇನ್ನೂ ಆಚೆ, ಆ 8 ಎಂಬಿ ಪಾರ್ಟಿಷನ್ ಕೂಡ ಮುಗಿದ ಮೇಲೆ ಇದ್ದವು. ಲೆಕ್ಕದ ಪ್ರಕಾರ ಹಳೆಯ ನಾಲ್ಕೂ ಲೇಬಲ್ ಉಳಿದಿರಬೇಕು.

ಲೆಕ್ಕ ನಂಬಿ ಕೂರುವ ಹಾಗಿಲ್ಲ, ಕಣ್ಣಲ್ಲಿ ನೋಡಬೇಕು. ಪ್ರತಿ ಊಬರ್‌ಬ್ಲಾಕ್ ಒಂದು ಗೊತ್ತಾದ ಸಂಖ್ಯೆಯಿಂದ ಶುರುವಾಗುತ್ತದೆ: ಸೊನ್ನೆ ಸೊನ್ನೆ ಬಿ ಎ ಬಿ ಒಂದು ಸೊನ್ನೆ ಸಿ. ಇಮೇಜ್‌ನಲ್ಲಿ ಅದನ್ನು ಹುಡುಕಿದೆ. ಡಿಸ್ಕಿನಲ್ಲಿ ಅದು ಹಿಂದುಮುಂದಾಗಿ ಬರೆದಿರುತ್ತದೆ, ಅದನ್ನು ನೆನಪಿಟ್ಟುಕೊಳ್ಳಬೇಕು. ಮೊದಲ ಗುಂಪು 1 ಎಂಬಿಯ ಆಸುಪಾಸಿನಲ್ಲಿ ಸಿಕ್ಕಿತು. ಅವುಗಳ ಏರುಸಂಖ್ಯೆ ಎರಡಂಕಿ, ಮೂರಂಕಿ. ನಿನ್ನೆ ಮೊನ್ನೆ ಹುಟ್ಟಿದ ಪೂಲ್. ಎರಡನೆಯ ಗುಂಪು 2 ಜಿಬಿ ದಾಟಿದ ಕೂಡಲೇ ಬಂತು. ಅಲ್ಲಿ ಸಂಖ್ಯೆ 63 ಲಕ್ಷದ ಮೇಲೆ.

63 ಲಕ್ಷ. ಮೇಷ್ಟ್ರು ದಿನಕ್ಕೆ ಎಂಟು ಗಂಟೆ ಮೆಷಿನ್ ಹಾಕುತ್ತಿದ್ದರು, ರಾತ್ರಿ ಆರಿಸುತ್ತಿದ್ದರು. ಐದು ಸೆಕೆಂಡಿಗೆ ಒಂದರಂತೆ ಮೂರು ವರ್ಷಕ್ಕೆ ಲೆಕ್ಕ ಹಾಕಿದರೆ ಬರುವುದು ಅಷ್ಟೇ. ಹುಡುಗ ಕುರ್ಚಿಯಿಂದ ಎದ್ದು ನಿಂತ. ನನಗೂ ಕೂತಲ್ಲಿ ಕೂರಲಾಗಲಿಲ್ಲ.

ತೆರೆದದ್ದು

ಪಾರ್ಟಿಷನ್ ಪಟ್ಟಿಯನ್ನು ತಿದ್ದಿ ಬರೆಯುವುದು ಒಂದು ದಾರಿ. ನಾವು ಅದನ್ನು ಮಾಡಲಿಲ್ಲ. ಇಮೇಜ್ ಮೇಲೆ ಓದಲು ಮಾತ್ರ ಬಿಡುವ ಲೂಪ್ ಡಿವೈಸ್ (ಫೈಲನ್ನೇ ಡಿಸ್ಕಿನಂತೆ ತೋರಿಸುವ ಉಪಾಯ) ಮಾಡಿ, ಶುರುವಿನ ಜಾಗವನ್ನು ಬೈಟ್ ಲೆಕ್ಕದಲ್ಲಿ ಕೊಟ್ಟೆವು: 4194432 ಸೆಕ್ಟರ್ ಗುಣಿಸು 512, ಅಂದರೆ 2147549184. ಉದ್ದವನ್ನೂ ಕೊಟ್ಟೆವು, 7809842696 ಸೆಕ್ಟರ್. ಉದ್ದವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕೊನೆಯ ಎರಡು ಲೇಬಲ್ ಎಲ್ಲಿವೆ ಎಂದು ಜೆಡ್‌ಎಫ್‌ಎಸ್ ಎಣಿಸುವುದು ತುದಿಯಿಂದ ಹಿಂದಕ್ಕೆ. ತುದಿ ತಪ್ಪಿದರೆ ಅವು ಕಾಣುವುದಿಲ್ಲ. ಆಮೇಲೆ ಲೇಬಲ್ ಓದುವ ಸಾಧನ ಓಡಿಸಿದಾಗ ನಾಲ್ಕೂ ಬಂದವು. ಮೇಷ್ಟ್ರು ಇಟ್ಟಿದ್ದ ಪೂಲ್ ಹೆಸರು, ಹಳೆಯ ಮೆಷಿನ್ ಹೆಸರು, ಮೂರು ಡಿಸ್ಕ್‌ಗಳ ಗುರುತು ಎಲ್ಲವೂ ಅದರಲ್ಲಿತ್ತು.

ಆಗಿನ್ನೂ ಮೂರನೆಯ ಇಮೇಜ್ ಮುಗಿದಿರಲಿಲ್ಲ. ಎರಡಿದ್ದರೆ ಸಾಕಲ್ವಾ, ನೋಡೇಬಿಡೋಣ ಎಂದು ಇಂಪೋರ್ಟ್ ಕೊಟ್ಟೆವು. ಉತ್ತರ ಬಂತು: ಓದುವಲ್ಲಿ ದೋಷ, ಈ ಪೂಲ್ ಅಳಿಸಿ ಬ್ಯಾಕಪ್‌ನಿಂದ ಮತ್ತೆ ಕಟ್ಟಿಕೊಳ್ಳಿ. ಈ ಸಂದೇಶ ನೋಡಿ ಎಷ್ಟು ಜನ ಅಲ್ಲಿಗೇ ಕೈಬಿಟ್ಟಿರಬಹುದೋ ಎಂದು ಯೋಚನೆ ಬರುತ್ತದೆ. ಅದು ಹೇಳುವುದು 'ಈಗ ಕೊಟ್ಟದ್ದರಿಂದ ತೆರೆಯಲಾಗಲಿಲ್ಲ' ಎಂದಷ್ಟೇ. ರೇಡ್-ಜೆಡ್1ರಲ್ಲಿ ಎರಡೇ ಡಿಸ್ಕ್ ಕೊಟ್ಟರೆ ಒಂದು ತುಂಡು ಕೆಟ್ಟಿದ್ದರೂ ರಿಪೇರಿಗೆ ಸಾಮಗ್ರಿ ಇರುವುದಿಲ್ಲ. ಕೆಟ್ಟ ತುಂಡುಗಳು ಕೆಲವಾದರೂ ಇರುವುದು ಗೊತ್ತೇ ಇತ್ತು. ಪೂಲ್ ಎರಡು ಸಲ ಕಟ್ಟಿದ್ದನಲ್ಲ.

ಹುಡುಗ ಹಿಂದಕ್ಕೆ ಹೋಗುವ ಆಯ್ಕೆ ಪ್ರಯತ್ನಿಸೋಣ ಎಂದ. ಕೊನೆಯ ಕೆಲವು ಬರಹ ಬಿಟ್ಟು ಹಿಂದಿನ ಊಬರ್‌ಬ್ಲಾಕ್‌ನಿಂದ ತೆರೆಯುವುದು. ನಾನು ಬೇಡ ಎಂದೆ. ನಮ್ಮ ಹಾನಿ ಕಾಲದ್ದಲ್ಲ, ಜಾಗದ್ದು. ಐದು ನಿಮಿಷ ಹಿಂದೆ ಹೋದರೂ ಮೇಲೆ ಬರೆದ ಜಾಗ ಬರೆದೇ ಇರುತ್ತದೆ. ಮೂರನೆಯ ಡಿಸ್ಕಿಗೆ ಕಾಯುವುದೇ ಸರಿ ಎನಿಸಿತು. ಕಾದೆವು.

ಮೂರೂ ಸೇರಿಸಿ, ಓದಲು ಮಾತ್ರ ಎಂಬ ಆಯ್ಕೆಯೊಂದಿಗೆ ಮತ್ತೆ ಕೊಟ್ಟಾಗ ಪೂಲ್ ತೆರೆಯಿತು. ಓದಲು ಮಾತ್ರ ಎನ್ನುವುದನ್ನು ಮರೆಯಬಾರದು. ಇಲ್ಲದಿದ್ದರೆ ಪೂಲ್ ತೆರೆದ ಕೂಡಲೇ ತನ್ನ ಬಾಕಿ ಲೆಕ್ಕವನ್ನು ಬರೆಯಲು ಹೊರಡುತ್ತದೆ. ಫೋಲ್ಡರ್‌ಗಳು ಒಂದೊಂದಾಗಿ ಬಂದವು. ಹಟ್ಟಿಗಳ ಹೆಸರು, ಇಸವಿ, ಹಾಡಿದವರ ಹೆಸರು. ಮೇಷ್ಟ್ರಿಗೆ ಫೋನ್ ಮಾಡಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ 'ಅಳಿಯ ಊಟ ಮಾಡಿದನಾ?' ಎಂದು ಕೇಳಿದರು. ಅವನು ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಏನು ಬಂತು, ಏನು ಬರಲಿಲ್ಲ

ಮೂರು ಇಮೇಜ್‌ಗಳೂ ಒಂದೇ ಡಿಸ್ಕಿನಲ್ಲಿದ್ದ ಕಾರಣ ಕಾಪಿ ನಿಧಾನವಾಯಿತು. ನಾಲ್ಕು ದಿನ ಬೇಕಾಯಿತು. ಜೆಡ್‌ಎಫ್‌ಎಸ್ ಪ್ರತಿ ತುಂಡಿಗೂ ಚೆಕ್‌ಸಮ್ (ತುಂಡು ಸರಿಯಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ಇಟ್ಟಿರುತ್ತದೆ. ತುಂಡು ಹೊಂದದಿದ್ದರೆ ಸುಳ್ಳು ಡೇಟಾ ಕೊಡದೆ, ಓದಲಾಗಲಿಲ್ಲ ಎಂದೇ ಹೇಳುತ್ತದೆ. ಹಾಗಾಗಿ ಯಾವ ಫೈಲ್ ಕೆಟ್ಟಿದೆ ಎಂದು ನಾವು ಊಹಿಸಬೇಕಾಗಲಿಲ್ಲ. 41 ಸಾವಿರ ಫೈಲ್‌ಗಳಲ್ಲಿ ಓದಲಾಗದ್ದು 11. ಏಳು ಫೋಟೊ, ಒಂದು ವಿಡಿಯೊ, ಮೂರು ಹಾಡು.

ಇಷ್ಟು ಕಡಿಮೆ ಯಾಕೆ ಎಂದು ಹುಡುಗ ಕೇಳಿದ. ಹೊಸ ಬರಹದ ಬಹುಪಾಲು ಮೊದಲ 2 ಜಿಬಿಯೊಳಗೇ, ಹಳೆಯ ಸ್ವಾಪ್ ಮೇಲೆ ಬಿದ್ದಿತ್ತು. ಚದುರಿ ಬಿದ್ದ ಉಳಿದದ್ದರಲ್ಲಿ ಪೂಲ್‌ನ ಲೆಕ್ಕಪತ್ರಕ್ಕೆ ಏಟು ಬಿದ್ದಿದ್ದರೂ, ಜೆಡ್‌ಎಫ್‌ಎಸ್ ಅದರ ಹೆಚ್ಚುವರಿ ಪ್ರತಿಗಳನ್ನು ಬೇರೆ ಬೇರೆ ಕಡೆ ಇಟ್ಟಿರುತ್ತದೆ. ಪೂಲ್‌ನ ಮೂಲ ಲೆಕ್ಕಕ್ಕೆ ಮೂರು ಪ್ರತಿ, ಫೋಲ್ಡರ್‌ಗಳ ಲೆಕ್ಕಕ್ಕೆ ಎರಡು. ಫೈಲಿನ ಒಳಗಿನ ಡೇಟಾಕ್ಕೆ ಮಾತ್ರ ಒಂದೇ. ಹಾಗಾಗಿ ಏಟು ಬಿದ್ದದ್ದು ಕಂಡಿದ್ದು ಫೈಲ್‌ಗಳಲ್ಲಿ. ಅವನು ಇನ್ನೊಂದು ಗಂಟೆ ಫೋಟೊ ಕಾಪಿ ಮಾಡಿದ್ದರೆ ಸ್ವಾಪ್ ಜಾಗ ತುಂಬಿ, ಬರಹ ಹಾಡುಗಳ ಮೇಲೆ ಹೋಗುತ್ತಿತ್ತು.

ಈಗ ಮೇಷ್ಟ್ರ ಸಂಗ್ರಹ ಮೂರು ಕಡೆ ಇದೆ. ಮನೆಯ ಪೂಲ್‌ನಲ್ಲಿ ಒಂದು, ಅಳಿಯ ಬೆಂಗಳೂರಿಗೆ ಒಯ್ದ ಡಿಸ್ಕಿನಲ್ಲಿ ಒಂದು, ಇಮೇಜ್ ಅಳಿಸಿ ಖಾಲಿ ಮಾಡಿದ ಆ 16 ಟಿಬಿ ಡಿಸ್ಕಿನಲ್ಲಿ ಒಂದು. ಅದು ಪ್ಲಗ್ ಇಲ್ಲದೆ ಬೀರುವಿನಲ್ಲಿದೆ. ಸೆಕ್ಟರ್ ಕೆಟ್ಟ ಡಿಸ್ಕನ್ನು ತೆಗೆಸಿದೆವು. ನಾನು ನನ್ನ ಕಡೆಯಿಂದ ಒಂದು ಬದಲಾವಣೆ ಮಾಡಿಕೊಂಡೆ. ಯಾರಿಗೇ ಪೂಲ್ ಜೋಡಿಸಿಕೊಟ್ಟರೂ ಪ್ರತಿ ಡಿಸ್ಕಿನ ಪಾರ್ಟಿಷನ್ ಪಟ್ಟಿಯನ್ನು ಪ್ರಿಂಟ್ ತೆಗೆದು ಮೆಷಿನ್‌ನ ಒಳಮೈಗೆ ಅಂಟಿಸುತ್ತೇನೆ. ಆ ಆಫೀಸಿನ ಮೆಷಿನ್ ಪೇಟೆಯಲ್ಲಿ ಇಲ್ಲದಿದ್ದರೂ ಹುಡುಕಿದ್ದರೆ ಜಾಗ ಸಿಗುತ್ತಿತ್ತೇನೋ. ಆದರೆ ಒಂದು ಹಾಳೆ ಇದ್ದಿದ್ದರೆ ಅರ್ಧ ದಿನದ ಕೆಲಸ ಐದು ನಿಮಿಷದ್ದಾಗುತ್ತಿತ್ತು. ಅದರ ಜೊತೆಗೆ ಒಂದು ಸಾಲು ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ: ಹಳೆಯ ಡಿಸ್ಕ್ ಹೊಸ ಮೆಷಿನ್‌ಗೆ ಹಾಕಿದರೆ ಇಂಪೋರ್ಟ್, ಕ್ರಿಯೇಟ್ ಎಂದಿಗೂ ಬೇಡ.

ಆ ಮೂರು ಹಾಡುಗಳನ್ನು ಬಿಡಲು ಮನಸ್ಸಾಗಲಿಲ್ಲ. ಫೈಲ್ ಪೂರ್ತಿ ಹೋಗಿರಲಿಲ್ಲ, ಒಂದೊಂದರಲ್ಲಿ ಒಂದು ತುಂಡು ಮಾತ್ರ. ಫೈಲಿನ ಮೇಲೂ ಡಿಡಿ-ರೆಸ್ಕ್ಯೂ ಓಡಿಸಬಹುದು. ಓದಲಾಗದ ತುಂಡಿನ ಜಾಗದಲ್ಲಿ ಸೊನ್ನೆ ತುಂಬಿ ಉಳಿದದ್ದನ್ನು ಹಾಗೇ ಉಳಿಸಿಕೊಂಡೆವು. ಸಿಡಿ ಗುಣಮಟ್ಟದ ಆಡಿಯೊದಲ್ಲಿ 128 ಕೆಬಿ ಎಂದರೆ ಸೆಕೆಂಡಿನ ಮುಕ್ಕಾಲು ಭಾಗ. ಅಷ್ಟು ಹೊತ್ತು ಮೌನ.

ಮೇಷ್ಟ್ರು ಬಂದು ಹೆಡ್‌ಫೋನ್ ಹಾಕಿಕೊಂಡು ಮೂರನ್ನೂ ಕೇಳಿದರು. ಎರಡರಲ್ಲಿ ಆ ಮೌನ ಬಿದ್ದದ್ದು ಹಾಡಿನ ನಡುವಿನ ಮಾತುಕತೆಯ ಮೇಲೆ. ಮೂರನೆಯದು 1999ರ ಸೋಬಾನೆ, ಹಾಡಿದ ಅಜ್ಜಿ ತೀರಿಕೊಂಡು ಬಹಳ ವರ್ಷವಾಗಿದೆ. ಅಲ್ಲಿ ಸಾಲಿನ ನಡುವೆ ಒಂದು ಪದ ಹೋಗಿತ್ತು. ಮೇಷ್ಟ್ರು ಕೈ ಎತ್ತಿ, 'ತಡಿಯಪ್ಪಾ, ನಿಲ್ಲಿಸಬೇಡ' ಎಂದರು. ಅಜ್ಜಿ ಸಾಲು ಮುಗಿಸುತ್ತಿದ್ದ ಹಾಗೆ ಜೊತೆಯ ಹೆಂಗಸರು ಅದೇ ಸಾಲನ್ನು ಎತ್ತಿಕೊಂಡು ಮತ್ತೆ ಹಾಡಿದರು. ಪದ ಅಲ್ಲಿತ್ತು. ಮೇಷ್ಟ್ರು ಜೇಬಿನಿಂದ ಪುಸ್ತಕ ತೆಗೆದು, ನಿಮಿಷ ಸೆಕೆಂಡು ಹಾಕಿ, ಆ ಪದ ಬರೆದುಕೊಂಡರು.